ವಿಷಯ ಅಳೆದ ಸರ್ವೆಯರ್ ಸಾಹೇಬರು

ಅವರು ಯಾವ ಫೋಟೋವನ್ನೂ ಮೊದಲು ಮುಂದಿನಿಂದ ನೋಡುತ್ತಿರಲಿಲ್ಲ. ಕೈಗೆ ಕೊಟ್ಟ ಕೂಡಲೇ ಮಗುಚಿ, ಹಿಂಬದಿಯಲ್ಲಿ ತೆಗೆದವರು ಬರೆದ ಶೀರ್ಷಿಕೆಯನ್ನು ತುಟಿ ಅಲ್ಲಾಡಿಸುತ್ತ ಓದಿ, ಒಂದು ಗಳಿಗೆ ಕಣ್ಣು ಮುಚ್ಚಿ ಕೂರುತ್ತಿದ್ದರು. ಚಿತ್ರ ನೋಡುವುದು ಆಮೇಲೆ. ಯಾಕೆ ಸಾರ್ ಹೀಗೆ ಎಂದು ಕೇಳಿದರೆ, "ಪತ್ರ ಓದ್ಕಂಡು ಜಮೀನಿಗೆ ಹೋಗ್ಬೇಕು ಮೇಷ್ಟ್ರೇ. ಜಮೀನು ನೋಡ್ಬುಟ್ಟು ಆಮೇಲೆ ಪತ್ರ ಓದಿದ್ರೆ, ಪತ್ರದಾಗೆ ಇಲ್ಲದ್ದೂ ಐತೆ ಅನ್ಸುತ್ತೆ" ಎನ್ನುತ್ತಿದ್ದರು.

ಹೆಸರು ಬರೆಯುವುದಿಲ್ಲ. ಆ ಹೆಸರನ್ನು ನನ್ನ ಕೈಯಿಂದ ಬರೆಯುವ ಯೋಗ್ಯತೆ ನನಗಿದೆ ಎಂದು ಅನ್ನಿಸುವುದಿಲ್ಲ. ಅರಕಲಗೂಡು ಕಡೆಯವರು, ಜಿಲ್ಲೆಯ ನಾಲ್ಕಾರು ತಾಲ್ಲೂಕುಗಳಲ್ಲಿ ಜಮೀನು ಅಳೆದು ಸರ್ವೆಯರ್ ಆಗಿಯೇ ನಿವೃತ್ತರಾಗಿ ಹಾಸನದಲ್ಲಿ ಮನೆ ಮಾಡಿಕೊಂಡಿದ್ದರು. ನಮ್ಮ ಹವ್ಯಾಸಿ ಛಾಯಾಗ್ರಾಹಕರ ಬಳಗದಲ್ಲಿ ಎಲ್ಲರಿಗೂ ಸರ್ವೆಯರ್ ಸಾಹೇಬರು. ಹೋದ ತಿಂಗಳು ತೀರಿಕೊಂಡರು. ಬಳಗದ ವಾರ್ಷಿಕ ಸಂಚಿಕೆಗೆ ಅವರ ಬಗ್ಗೆ ಎರಡು ಪುಟ ಬರೆದುಕೊಡಿ, ನೀವು ಅವರಿಗೆ ಹತ್ತಿರದವರು ಎಂದು ಅಧ್ಯಕ್ಷರು ಫೋನ್ ಮಾಡಿದರು. ಬರೆದುಕೊಟ್ಟೆ. ಅದರಲ್ಲಿ ಇರುವುದೆಲ್ಲ ಒಳ್ಳೆಯ ಮಾತೇ, ಒಂದೂ ಸುಳ್ಳಲ್ಲ. ಆದರೆ ನಾನು ಬರೆಯಬೇಕಾಗಿದ್ದು ಅದಲ್ಲ. ಅದು ಇಲ್ಲಿದೆ.

ಸಣ್ಣ ಆಳು. ಹಣೆಗೆ ವಿಭೂತಿ, ಅರ್ಧ ತೋಳಿನ ಬಿಳಿ ಅಂಗಿ, ಕಾಲಿಗೆ ಕ್ಯಾನ್ವಾಸ್ ಬೂಟು. ನಡೆಯುವಾಗ ಹೆಜ್ಜೆ ಎಣಿಸುವ ಅಭ್ಯಾಸ ಕೊನೆತನಕ ಹೋಗಲಿಲ್ಲ. ಯಾರ ಮನೆಗೆ ಹೋದರೂ ಗೇಟಿನಿಂದ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡೇ ಒಳಗೆ ಬರುವರು. ಒಮ್ಮೆ ನಮ್ಮ ಮನೆಗೆ ಬಂದಾಗ, "ಮೇಷ್ಟ್ರೇ, ಪಕ್ಕದೋರು ನಿಮ್ ಕಡೆ ಒಂದಡಿ ಬಂದವ್ರೆ" ಎಂದುಬಿಟ್ಟರು. ನನ್ನ ಹೆಂಡತಿ ಆ ಒಂದಡಿಯನ್ನು ಇವತ್ತಿಗೂ ಬಿಟ್ಟಿಲ್ಲ, ಪಕ್ಕದವರ ಗೋಡೆ ನೋಡಿದಾಗಲೆಲ್ಲ ನನ್ನನ್ನು ಬೈದುಕೊಳ್ಳುತ್ತಾಳೆ.

ನಾನು ಚನ್ನರಾಯಪಟ್ಟಣದಲ್ಲಿ ಹೈಸ್ಕೂಲು ಮೇಷ್ಟ್ರು. ಹಾಸನದಿಂದ ದಿನಾ ಬಸ್ಸಿನಲ್ಲಿ ಓಡಾಟ. ಭಾನುವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೆ ಏರಿಸಿಕೊಂಡು ಜಿನನಾಥಪುರದ ಬಸದಿಯೋ, ಗೊರೂರಿನ ಹಿನ್ನೀರೋ ಎಂದು ಹೊರಡುತ್ತಿದ್ದೆ. ಬಳಗದಲ್ಲಿ ನನ್ನಂಥವರು ಇಪ್ಪತ್ತು ಮೂವತ್ತು ಜನ. ಹಲ್ಲಿನ ಡಾಕ್ಟರು ಒಬ್ಬರು ಅಧ್ಯಕ್ಷರು. ವರ್ಷಕ್ಕೊಮ್ಮೆ ಸ್ಪರ್ಧೆ, ಸ್ಪರ್ಧೆಗೊಂದು ವಿಷಯ, ಕೊನೆಗೆ ಮೂರು ದಿನದ ಪ್ರದರ್ಶನ. ತೀರ್ಪುಗಾರರು ಮೈಸೂರಿನಿಂದ ಬರುತ್ತಿದ್ದರು. ಆದರೆ ಅವರ ಮುಂದೆ ಇಡುವ ಮೊದಲು ವಿಷಯಕ್ಕೆ ಹೊಂದದ ಚಿತ್ರಗಳನ್ನು ಯಾರಾದರೂ ಜರಡಿ ಹಿಡಿಯಬೇಕಿತ್ತು. ಅದು ಯಾರಿಗೂ ಬೇಡದ ಕೆಲಸ, ಮಾಡಿದವರು ಎಲ್ಲರ ಹತ್ತಿರವೂ ಬೈಸಿಕೊಳ್ಳುವುದು ಗ್ಯಾರಂಟಿ. ಜೀವಮಾನವಿಡೀ ಜಮೀನಿನ ಜಗಳದಲ್ಲಿ ಎರಡೂ ಕಡೆಯವರ ಕೈಲಿ ಬೈಸಿಕೊಂಡ ಮನುಷ್ಯ ಎಂದು ಇವರ ತಲೆಗೆ ಕಟ್ಟಿದೆವು. ಅವರು ಖುಷಿಯಿಂದಲೇ ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ ತಾವು ಸ್ಪರ್ಧೆಗೆ ಚಿತ್ರ ಕಳಿಸುವುದನ್ನು ನಿಲ್ಲಿಸಿದರು. ಅಳೆಯುವವನು ಆ ಜಮೀನಿನ ಪಾಲುದಾರನಾಗಿರಬಾರದಂತೆ. ನೀಲಿ ಪೆನ್ಸಿಲಿನಲ್ಲಿ ಚಿತ್ರದ ಹಿಂದೆ 'ವಿಷಯಕ್ಕೆ ಸರಿ' ಅಥವಾ 'ವಿಷಯಕ್ಕಿಲ್ಲ' ಎಂದು ಬರೆದು ಪುಟ್ಟದೊಂದು ಸೈ ಹಾಕುವರು. ಆ ಸೈ ಬಿದ್ದ ಮೇಲೆ ಅಧ್ಯಕ್ಷರೇ ಹೇಳಿದರೂ ಬದಲಾಗುತ್ತಿರಲಿಲ್ಲ.

ನಮ್ಮಂಥ ಹವ್ಯಾಸಿಗಳಿಗೆ ಇರುವ ರೋಗ ಹೊರಗಿನವರಿಗೆ ಗೊತ್ತಿರಲಾರದು. ವಿಷಯ ಕೊಟ್ಟ ಮೇಲೆ ಹೋಗಿ ಚಿತ್ರ ತೆಗೆಯುವವರು ಕಡಿಮೆ. ಮನೆಯಲ್ಲಿರುವ ಹಳೆಯ ಚಿತ್ರಗಳನ್ನೇ ಕೆದಕಿ, ಅದರಲ್ಲಿ ಚೆನ್ನಾಗಿರುವುದೊಂದನ್ನು ಆರಿಸಿ, ಅದಕ್ಕೆ ಕವಿತೆಯಂಥ ಶೀರ್ಷಿಕೆ ಕೊಟ್ಟು ವಿಷಯದ ಒಳಗೆ ನೂಕುವುದೇ ಹೆಚ್ಚು. ಡಾಕ್ಟರ ಹತ್ತಿರ ಒಂದು ಮಿಂಚುಳ್ಳಿ ಚಿತ್ರವಿತ್ತು. ನಿಜಕ್ಕೂ ಚೆಂದದ ಚಿತ್ರ. ವಿಷಯ 'ನೀರು' ಆದಾಗ ಅದನ್ನು ಕಳಿಸಿದರು, 'ತಾಳ್ಮೆ' ಆದಾಗಲೂ ಕಳಿಸಿದರು. ಎರಡು ಸಲವೂ ಸರ್ವೆಯರ್ ಸಾಹೇಬರು ವಾಪಸ್ ಮಾಡಿದರು. "ಇದು ಹಕ್ಕಿ ಡಾಕ್ಟ್ರೇ. ನೀರಾಗೆ ಮೀನು ಹಿಡಿಯುತ್ತೆ ಅಂತ ನಂಗೊತ್ತು, ನಿಮ್ಗೊತ್ತು. ಚಿತ್ರಕ್ಕೆ ಗೊತ್ತಿಲ್ವಲ್ಲ" ಎಂದರು. ಮೂರನೇ ವರ್ಷ ವಿಷಯ 'ನೀಲಿ'. ಮಿಂಚುಳ್ಳಿ ಮತ್ತೆ ಬಂತು. ಮಗುಚಿ ಓದಿದರು, ಕಣ್ಣು ಮುಚ್ಚಿದರು, ತಿರುಗಿಸಿ ನೋಡಿ ದೊಡ್ಡದಾಗಿ ನಕ್ಕರು. "ಈ ಸಲ ನಿಮ್ಮಕ್ಕಿ ತನ್ ಮನೆಗೇ ಬಂದೈತೆ ಕಣ್ರೀ!" ಅವತ್ತು ಬಳಗಕ್ಕೆಲ್ಲ ಡಾಕ್ಟರು ಕಾಫಿ ಕೊಡಿಸಿದರು.

ಇದನ್ನು ಓದಿ ಅವರನ್ನು ಬರೀ ನಿಯಮದ ಮನುಷ್ಯ ಎಂದುಕೊಂಡರೆ ತಪ್ಪು. ಅದೇ 'ನೀರು' ವಿಷಯಕ್ಕೆ ಅರಕಲಗೂಡಿನ ಹುಡುಗಿಯೊಬ್ಬಳು ಮೊಬೈಲಿನಲ್ಲಿ ತೆಗೆದ ಚಿತ್ರ ಕಳಿಸಿದ್ದಳು. ಒಬ್ಬ ಹೆಂಗಸಿನ ಎರಡು ಅಂಗೈ, ಅಷ್ಟೆ. ಒಂದು ಹನಿ ನೀರೂ ಇಲ್ಲ. ನಾನು ಪಕ್ಕದಲ್ಲೇ ಕೂತಿದ್ದವನು, ಇದು ಹೋಯಿತು ಎಂದುಕೊಂಡೆ. ಅವರು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬೆರಳ ತುದಿಗಳನ್ನೇ ನೋಡಿದರು. ಬೆಳ್ಳಗೆ ಸುಕ್ಕುಸುಕ್ಕಾಗಿ ಸೀಳಿದ ಬೆರಳು. "ಶುಂಠಿ ತೊಳಿಯೋ ಕೈ ಇದು. ಬೆಳಗ್ಗೆಯಿಂದ ಸಂಜೆ ತಂಕ ನೀರಾಗೆ ಅದ್ದಿರ್ತಾರೆ. ನೀರಲ್ದೆ ಇನ್ ಯಾತಕ್ಕೆ ಹಿಂಗಾಗ್ತವೆ ಬೆಳ್ಳು?" ಎಂದು 'ವಿಷಯಕ್ಕೆ ಸರಿ' ಬರೆದರು. ನಾನು ಬಿಡಲಿಲ್ಲ. ಹಕ್ಕಿಗೆ ಒಂದು ನ್ಯಾಯ, ಕೈಗೆ ಒಂದು ನ್ಯಾಯವೇ ಸಾರ್ ಎಂದೆ. "ಹಕ್ಕಿ ಮ್ಯಾಲೆ ನೀರಿನ ಗುರ್ತಿಲ್ಲ, ಕೈ ಮ್ಯಾಲೆ ಐತೆ. ನಾನು ಗುರ್ತು ನೋಡೋನು ಮೇಷ್ಟ್ರೇ" ಎಂದರು. ಆ ಚಿತ್ರಕ್ಕೆ ಬಹುಮಾನ ಬರಲಿಲ್ಲ. ನನಗೆ ಮಾತ್ರ ಆ ಬೆರಳುಗಳು ಬಹಳ ದಿನ ಕಣ್ಣ ಮುಂದೆ ಇದ್ದವು.

ವಿಷಯದ ಬಗ್ಗೆ ನಮ್ಮಿಬ್ಬರಿಗೂ ಯಾವಾಗಲೂ ಜಟಾಪಟಿ. ಪಾಠ ಹೇಳುವ ಬಾಯಿ ನನ್ನದು, ಸುಮ್ಮನಿರುತ್ತದೆಯೇ? ವಿಷಯ ಅನ್ನುವುದು ಬೇಲಿಯಲ್ಲ, ಬಾಗಿಲು. ಒಳಗೆ ಹೋದವನು ಎಲ್ಲಿಗಾದರೂ ಹೋಗಬಹುದು ಎಂದು ನಾನು ಸಭೆಯಲ್ಲಿ ಭಾಷಣ ಬಿಗಿಯುತ್ತಿದ್ದೆ. ಜನ ಚಪ್ಪಾಳೆ ಹೊಡೆಯುವರು. ಇವರು ಕೊನೆಯ ಸಾಲಿನಿಂದ, "ಗ್ವಾಡೆ ಇದ್ರೆ ತಾನೆ ಮೇಷ್ಟ್ರೇ ಬಾಗ್ಲು ಮಡಗೋದು?" ಎನ್ನುವರು. ಆಗ ಅವರಿಗೂ ಚಪ್ಪಾಳೆ. ನನಗೆ ಒಳಗೊಳಗೇ ಉರಿಯುತ್ತಿತ್ತು. ಮನೆಗೆ ಹೋಗುವಾಗ ಮಾತ್ರ ಇಬ್ಬರೂ ಜೊತೆಗೇ ನಡೆದು ಹೋಗುವುದು.

ಅವರ ಈ ಗಟ್ಟಿತನಕ್ಕೆ ಅವರ ಮನೆಯವರು ಕೊಟ್ಟ ಬೆಲೆಯೂ ದೊಡ್ಡದೇ. ಹೊಳೆನರಸೀಪುರದಲ್ಲಿ ಅವರ ಹೆಂಡತಿಯ ಅಣ್ಣನ ಗದ್ದೆಗೂ ಪಕ್ಕದವರ ಗದ್ದೆಗೂ ತಕರಾರಾಗಿತ್ತಂತೆ. ಬೇರೆಯವರನ್ನು ಕಳಿಸಿ ಎಂದು ಮೇಲಿನವರನ್ನು ಕೇಳಿಕೊಂಡರೂ ಆಗಲಿಲ್ಲ, ತಾವೇ ಹೋಗಿ ಅಳೆದರು. ಗದ್ದೆಯ ಉದ್ದಕ್ಕೂ ಎರಡಡಿ ಪಕ್ಕದವರಿಗೆ ಹೋಯಿತು. ಆ ಭಾವ ಆರು ವರ್ಷ ಮಾತಾಡಲಿಲ್ಲ, ಮಗಳ ಮದುವೆಗೂ ಕರೆಯಲಿಲ್ಲ. ಈ ಕಥೆಯನ್ನು ನನಗೆ ಹೇಳಿದ್ದು ಅವರ ಹೆಂಡತಿಯೇ, ಅವರ ಎದುರಿಗೇ, ನಗುತ್ತ. "ಒಂದ್ ಮುತ್ತು ಕೊಡೋಕೂ ಅಳತೆ ನೋಡೋ ಮನ್ಷ ಕಣ್ರೀ ಇವ್ರು" ಎಂದರು. ಸಾಹೇಬರು ನಾಚಿಕೊಂಡು ಪೇಪರು ಮುಖಕ್ಕೆ ಅಡ್ಡ ಹಿಡಿದರು.

ಹೀಗಿರುವಾಗ ಆ ವರ್ಷದ ವಿಷಯ ಬಂತು. ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತುವುದು ನಮ್ಮ ಪದ್ಧತಿ. ಎತ್ತಿದ ಚೀಟಿಯಲ್ಲಿ 'ಮೊದಲ ಸಲ' ಎಂದಿತ್ತು.

ಸಭೆಯಲ್ಲಿ ಗದ್ದಲವೋ ಗದ್ದಲ. ಮೊದಲ ಸಲ ಎಂದರೇನು? ಮಗು ಎದ್ದು ನಿಂತಿದ್ದಾ? ಹೊಸ ಸೈಕಲ್ಲಾ? ಮೊದಲ ಸಲವೋ ಹತ್ತನೇ ಸಲವೋ ಚಿತ್ರ ನೋಡಿದರೆ ಹೇಗೆ ಗೊತ್ತಾಗುತ್ತದೆ? ಸರ್ವೆಯರ್ ಸಾಹೇಬರು ಕೊನೆಗೆ ಹೇಳಿದರು. "ಇದ್ರಾಗೆ ಗುರ್ತು ಚಿತ್ರದ ಮ್ಯಾಲೆ ಇರಲ್ಲ. ತೆಗೆದೋರ ಬಾಯಾಗೆ ಇರುತ್ತೆ. ಅದ್ಕೆ ಒಬ್ಬೊಬ್ರನ್ನೂ ಎದ್ರಿಗೆ ಕೂರಿಸ್ಕಂಡು ಒಂದೇ ಮಾತು ಕೇಳ್ತೀನಿ. ಕಣ್ಣಾರೆ ಕಂಡಿದ್ದಾ, ಕೇಳಿದ್ದಾ? ಕಂಡಿದ್ದು ಅಂದ್ರೆ ಸೈ ಹಾಕ್ತೀನಿ. ಕೇಳಿದ್ದು ಅಂದ್ರೆ ಇಲ್ಲ." ಬರೆಸಿಕೊಳ್ಳುವುದಿಲ್ಲವೇ ಎಂದು ಯಾರೋ ಕೇಳಿದರು. "ನಮ್ ನಮ್ಮೋರ ಮಾತಿಗೆ ಬರಹ ಯಾಕೆ?" ಎಂದರು.

ನನ್ನ ಹತ್ತಿರ ಆಗ ಒಂದು ಚಿತ್ರವಿತ್ತು. ಕೊರವಂಗಲದ ದೇವಸ್ಥಾನ ನೋಡಿಕೊಂಡು ಅಲ್ಲಿಂದಾಚೆಯ ಹಳ್ಳಿಯೊಂದರಲ್ಲಿ ಸುತ್ತುವಾಗ ತೆಗೆದದ್ದು. ಜಗುಲಿಯ ಮೇಲೆ ಕೂತ ಅಜ್ಜಿ, ಬಾಯಿಗೆ ಸೆರಗು ಅಡ್ಡ ಹಿಡಿದು, ಕಣ್ಣಲ್ಲೆಲ್ಲ ಬೆಳಕು ತುಂಬಿಕೊಂಡು ನಗುತ್ತಿದ್ದಾಳೆ. ನನ್ನ ಇಡೀ ಜೀವನದಲ್ಲಿ ಅಂಥ ಇನ್ನೊಂದು ಚಿತ್ರ ತೆಗೆದಿಲ್ಲ. ಆಕೆ ನಕ್ಕಿದ್ದು ಯಾಕೆ ಎಂದು ಸಾಹೇಬರು ಇರುವ ತನಕ ಯಾರಿಗೂ ಹೇಳಲಿಲ್ಲ, ಈಗ ಹೇಳುತ್ತೇನೆ. ಚೌಕಟ್ಟಿಗೆ ಜಗುಲಿ ಪೂರ್ತಿ ಬರಲಿ ಎಂದು ಹಿಂದೆ ಹಿಂದೆ ಹೋಗಿ ನಾನು ತಿಪ್ಪೆಯೊಳಗೆ ಕೂತುಬಿಟ್ಟಿದ್ದೆ. ಪ್ಯಾಂಟಿನ ತುಂಬ ಸಗಣಿ. ಅಜ್ಜಿ ನಕ್ಕಳು, ನಾನು ಕೂತಲ್ಲಿಂದಲೇ ಬಟನ್ ಒತ್ತಿದೆ.

ಆರು ವರ್ಷದಿಂದ ಸ್ಪರ್ಧೆಗೆ ಒಂದಲ್ಲ ಒಂದು ಚಿತ್ರ ಕಳಿಸುತ್ತಿದ್ದೆ. ಒಂದು ಸಮಾಧಾನಕರ ಬಹುಮಾನ ಬಿಟ್ಟರೆ ಇನ್ನೇನೂ ಬಂದಿರಲಿಲ್ಲ. ವಿಷಯ ಬಾಗಿಲು ಎಂದು ಭಾಷಣ ಬಿಗಿಯುವ ಮೇಷ್ಟ್ರಿಗೆ ಒಳಗೆ ಹೋಗಲು ಬರುವುದಿಲ್ಲ ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದುದು ನನ್ನ ಕಿವಿಗೂ ಬಿದ್ದಿತ್ತು. ಆ ಚಿತ್ರದ ಹಿಂದೆ 'ತನ್ನ ಮುಖ, ಮೊದಲ ಸಲ' ಎಂದು ಬರೆದೆ. ಹಳ್ಳಿಯ ಅಜ್ಜಿ ಕ್ಯಾಮೆರಾದ ಪರದೆಯಲ್ಲಿ ತನ್ನ ಫೋಟೋವನ್ನು ಜೀವಮಾನದಲ್ಲೇ ಮೊದಲ ಸಲ ನೋಡಿ ನಕ್ಕದ್ದು ಎಂಬ ಕಥೆ. ಬರೆಯುವಾಗ ಅದು ತಪ್ಪೆಂದೇ ಅನ್ನಿಸಲಿಲ್ಲ ಎಂಬುದು ಈಗ ಹೆಚ್ಚು ನಾಚಿಕೆ ತರುತ್ತದೆ. ಹಳ್ಳಿಯವಳು, ವಯಸ್ಸಾದವಳು, ಫೋಟೋ ಎಲ್ಲಿ ನೋಡಿರುತ್ತಾಳೆ ಎಂದು ನನಗೆ ಸಹಜವಾಗಿಯೇ ಅನ್ನಿಸಿತ್ತು. ಆಕೆಯ ಹೆಸರನ್ನು ಕೂಡ ಕೇಳಿರಲಿಲ್ಲ.

ಚಿತ್ರ ಕೊಟ್ಟ ದಿನ ಅವರ ಮನೆಯ ಪಡಸಾಲೆಯಲ್ಲಿ ನಾವಿಬ್ಬರೇ. ಮಗುಚಿ ಓದಿದರು. ಕಣ್ಣು ಮುಚ್ಚಿದರು. ತಿರುಗಿಸಿದಾಗ ಅವರ ಮುಖ ಸಡಿಲವಾಗಿದ್ದನ್ನು ನೋಡಿದೆ. ಆಮೇಲೆ, "ಕಣ್ಣಾರೆ ಕಂಡಿದ್ದಾ ಮೇಷ್ಟ್ರೇ, ಕೇಳಿದ್ದಾ?" ಎಂದರು.

"ಕಣ್ಣಾರೆ ಕಂಡಿದ್ದು ಸಾರ್. ನಾನೇ ತೋರಿಸಿದೆ, ನೋಡಿ ನಕ್ಕರು" ಎಂದೆ.

ಸೈ ಹಾಕಿದರು. ಪೆನ್ಸಿಲು ಕೆಳಗಿಟ್ಟು, "ನಿಮ್ಗೆ ಈ ಸಲ ಬತ್ತದೆ ಬುಡಿ" ಎಂದು ನನ್ನ ತೋಳು ತಟ್ಟಿದರು. ಜರಡಿ ಹಿಡಿಯುವವರು ಹಾಗೆಲ್ಲ ಹೇಳಬಾರದು. ಅವರು ತಮ್ಮ ನಿಯಮ ಮೀರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮೊದಲ ಬಹುಮಾನವೇ ಬಂತು. ಪ್ರದರ್ಶನದಲ್ಲಿ ಬಾಗಿಲ ಎದುರಿಗೇ ದೊಡ್ಡದಾಗಿ ನೇತು ಹಾಕಿದರು, ಕೆಳಗೆ ಒಂದು ಕಾರ್ಡಿನ ಮೇಲೆ ಅಜ್ಜಿಯ ಕಥೆ. ಜನ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು, ಯಾರೋ ವಾಟ್ಸಾಪಿಗೆ ಹಾಕಿದರು. ಎರಡನೇ ದಿನ ಮಧ್ಯಾಹ್ನ ಆ ಅಜ್ಜಿಯ ಸೊಸೆ ಮತ್ತು ತಮ್ಮನ ಮಗ ಬಂದರು.

"ಯಾರ್ರೀ ಇದನ್ನ ಬರ್ದಿರೋದು?" ಎಂದು ಆತ ಕಾರ್ಡಿಗೆ ಬೆರಳು ಕುಟ್ಟಿದ. "ನಮ್ಮತ್ತೆ ಫೋಟೋನೇ ನೋಡಿಲ್ವಾ? ನಾವೇನು ಕಾಡಾಗೆ ಇದೀವಾ? ಎಲ್ಡ್ ಸಲ ಪಂಚಾಯ್ತಿ ಮೆಂಬ್ರು ಕಣ್ರೀ ಅವ್ರು! ಎಲೆಕ್ಷನ್ನಿಗೆ ನಿಂತಾಗ ಊರ್ ಗ್ವಾಡೆಗೆಲ್ಲ ಅವ್ರ ಫೋಟೋ ಅಂಟ್ಸಿದ್ವಿ!" ಮೊಬೈಲು ತೆಗೆದು ಎಲ್ಲರಿಗೂ ತೋರಿಸಿದ. ಶಾಲು ಹೊದ್ದು, ಹಾರ ಹಾಕಿಕೊಂಡು, ಕ್ಯಾಮೆರಾವನ್ನು ನೇರವಾಗಿ ನೋಡುತ್ತಿರುವ ಅದೇ ಮುಖ. ಸೊಸೆ, "ಅತ್ತೆ ನೆನ್ನೆಯಿಂದ ಊಟ ಮಾಡಿಲ್ಲ. ನನ್ನನ್ನ ಇಷ್ಟು ದಡ್ಡಿ ಮಾಡಿದ್ರಾ ಅಂತವ್ರೆ" ಎಂದು ಮಾತ್ರ ಹೇಳಿದರು.

ಪ್ರದರ್ಶನದ ಹಾಲ್‌ನಲ್ಲಿ ಇಪ್ಪತ್ತು ಜನ ಇದ್ದೆವು. ನಾನು ಕಾಫಿ ಲೋಟ ಹಿಡಿದುಕೊಂಡು ಕಂಬದ ಹತ್ತಿರ ನಿಂತಿದ್ದೆ. ಬರೆದವನು ನಾನು, ಮುಂದೆ ಹೋಗಬೇಕಾದವನು ನಾನು. ಕಾಲು ಏಳಲಿಲ್ಲ. ನಾನು ಏಳಿಸಲಿಲ್ಲ ಎನ್ನುವುದೇ ಸರಿ. ಸರ್ವೆಯರ್ ಸಾಹೇಬರು ಮುಂದೆ ಹೋದರು. ಇಬ್ಬರಿಗೂ ಕೈ ಮುಗಿದು, "ತಪ್ಪು ನಂದು. ಸರಿ ಅಂತ ಸೈ ಹಾಕಿದೋನು ನಾನು. ಅಮ್ಮಾವ್ರಿಗೆ ನನ್ ಹೆಸ್ರು ಹೇಳಿ, ತಪ್ಪಾಯ್ತು ಅಂದ ಅಂತ ಹೇಳಿ" ಎಂದರು. ಕಾರ್ಡನ್ನು ತಾವೇ ಕಿತ್ತರು, ಚಿತ್ರವನ್ನು ಇಳಿಸಿ ಫ್ರೇಮಿನ ಸಮೇತ ಸೊಸೆಯ ಕೈಗೆ ಕೊಟ್ಟರು. ಅಷ್ಟು ವಯಸ್ಸಾದವರು ಕೈ ಮುಗಿದ ಮೇಲೆ ಆ ಹುಡುಗನೂ ತಣ್ಣಗಾದ. ಬಹುಮಾನ ಎರಡನೆಯವರಿಗೆ ಹೋಯಿತು. ಅಧ್ಯಕ್ಷರು ನನ್ನ ಬೆನ್ನು ಸವರಿ, ಯಾರೋ ನಿಮಗೆ ತಪ್ಪು ಹೇಳಿದ್ದಾರೆ ಬಿಡಿ ಮೇಷ್ಟ್ರೇ ಎಂದರು. ನಾನು ಹೂಂ ಎಂದೆ.

ಇಷ್ಟೇ ಆಗಿದ್ದರೆ ನಾನೊಬ್ಬ ಹೇಡಿ ಎಂದು ಬರೆದು ಮುಗಿಸಬಹುದಿತ್ತು. ಜನ ಹೋದ ಮೇಲೆ, ಖಾಲಿಯಾದ ಗೋಡೆಯ ಹತ್ತಿರ ಅವರು ನನ್ನನ್ನು ಕರೆದರು. ಮುಖದಲ್ಲಿ ಕೋಪವಿರಲಿಲ್ಲ. ಅಳೆದದ್ದನ್ನು ಇನ್ನೊಮ್ಮೆ ಅಳೆದು ನೋಡುವವರ ಮುಖ.

"ಮೇಷ್ಟ್ರೇ, ಅವತ್ತು ಕೇಳಿದ್ನಲ್ಲ, ಕಂಡಿದ್ದಾ ಕೇಳಿದ್ದಾ ಅಂತ. ನೀವು ಕಂಡಿದ್ದು ಅಂದಂಗೆ ನನ್ ಜ್ಞಾಪಕ. ಅಂಗೇ ಅಲ್ವ ನೀವಂದಿದ್ದು?"

ಆ ಪ್ರಶ್ನೆಯಲ್ಲಿ ನನಗೆ ಬಾಗಿಲು ಕಂಡಿತು. "ಇಲ್ಲ ಸಾರ್. ಅಲ್ಲಿ ಒಬ್ಬರು ಹೇಳಿದ್ರು ಅಂತ ಅಂದಿದ್ದೆ. ಕೇಳಿದ್ದು ಅಂತಲೇ ಹೇಳಿದ್ದೆ. ನೀವೇ ಪರವಾಗಿಲ್ಲ ಅಂತ ಸೈ ಹಾಕಿದ್ರಿ" ಎಂದೆ.

"ಕೇಳಿದ್ದು ಅಂದ್ರಾ?"

"ಹೂಂ ಸಾರ್."

"ಕೇಳಿದ್ದು ಅಂದ್ರೆ ನಾನು ಸೈ ಹಾಕಲ್ವಲ್ಲ" ಎಂದರು. ಅದನ್ನು ನನಗೆ ಹೇಳಲಿಲ್ಲ, ತಮಗೇ ಹೇಳಿಕೊಂಡರು. ನನ್ನ ಮಾತು ಸುಳ್ಳಿರಬಹುದು ಎಂದು ಅವರಿಗೆ ಹೊಳೆಯಲೇ ಇಲ್ಲ. ನನ್ನ ಮಾತು, ತಮ್ಮ ಜ್ಞಾಪಕ, ಎರಡರಲ್ಲಿ ಒಂದು ತಪ್ಪಿರಬೇಕು ಎಂದಾಗ ಆ ಮನುಷ್ಯ ತಮ್ಮ ಜ್ಞಾಪಕವನ್ನೇ ತಪ್ಪು ಮಾಡಿಕೊಂಡರು. "ನಂಗೆ ಮರೆವು ಸುರುವಾಯ್ತೇನೋ ಮೇಷ್ಟ್ರೇ" ಎಂದು ನಕ್ಕರು. ವಯಸ್ಸಾಯಿತಲ್ಲ ಸಾರ್ ಎಂದು ನಾನೂ ನಕ್ಕೆ.

ಮುಂದಿನ ಸಭೆಗೆ ಬಂದು, ಜ್ಞಾಪಕ ಗಟ್ಟಿಯಿಲ್ಲದವನು ಈ ಕೆಲಸ ಮಾಡಬಾರದು ಎಂದು ಹೇಳಿ ನೀಲಿ ಪೆನ್ಸಿಲನ್ನು ಮೇಜಿನ ಮೇಲೆ ಇಟ್ಟರು. ಎಲ್ಲರೂ ಬೇಡ ಬೇಡ ಎಂದೆವು. ನಾನು ಎಲ್ಲರಿಗಿಂತ ಜೋರಾಗಿ ಬೇಡ ಎಂದೆ. ಆಮೇಲೆ ಅವರು ಬರುವುದೇ ಕಡಿಮೆಯಾಯಿತು. ಅವರ ಜಾಗಕ್ಕೆ ಬೇರೆಯವರು ಬಂದರು, ಮಿಂಚುಳ್ಳಿ ಈಗ ಯಾವ ವಿಷಯಕ್ಕೂ ನಡೆಯುತ್ತದೆ. ವಿಷಯ ಬಾಗಿಲೇ ಆಯಿತು, ನಾನು ಬಯಸಿದ ಹಾಗೆ. ಪ್ರದರ್ಶನದಲ್ಲಿ ಗೋಡೆ ತುಂಬ ಚೆಂದದ ಚಿತ್ರಗಳಿರುತ್ತವೆ, ಒಂದಕ್ಕೊಂದು ಸಂಬಂಧವಿರುವುದಿಲ್ಲ.

ಒಂದು ಬೆಳಿಗ್ಗೆ ಹಾಸನದ ಬಸ್ ನಿಲ್ದಾಣದಲ್ಲಿ ಅವರನ್ನು ಕಂಡೆ. ಅರಕಲಗೂಡು ಬೋರ್ಡಿರುವ ಬಸ್ಸಿನ ಮುಂದೆಯೇ ನಿಂತು, "ಅರಕಲಗೂಡ್ಗೆ ಹೋಗ್ತದಾ?" ಎಂದು ಕಂಡಕ್ಟರನ್ನು ಕೇಳಿದರು. ಹತ್ತಿ, ಮತ್ತೆ ಇಳಿದು ಬಂದು, "ಅರಕಲಗೂಡ್ಗೇ ತಾನೆ?" ಎಂದು ಇನ್ನೊಮ್ಮೆ ಕೇಳಿದರು. ಕಂಡಕ್ಟರು ರೇಗಿದ. ಆ ರಸ್ತೆಯ ಉದ್ದಕ್ಕೂ ಯಾವ ಗದ್ದೆಯ ಕಲ್ಲು ಎಲ್ಲಿದೆ ಎಂದು ಹೇಳಬಲ್ಲ ಮನುಷ್ಯ. ನಾನು ಚನ್ನರಾಯಪಟ್ಟಣದ ಬಸ್ಸಿನ ಕಿಟಕಿಯಲ್ಲಿ ಕೂತಿದ್ದೆ. ಅವರು ನನ್ನ ಕಡೆ ತಿರುಗುವ ಹೊತ್ತಿಗೆ ಬಗ್ಗಿ ಚಪ್ಪಲಿ ಸರಿ ಮಾಡಿಕೊಳ್ಳುವವನ ಹಾಗೆ ಮುಖ ಮರೆಸಿಕೊಂಡೆ.

ಹೇಳಬಹುದಿತ್ತು. ಆಮೇಲಿನ ಎರಡು ವರ್ಷದಲ್ಲಿ ಎಷ್ಟು ಭಾನುವಾರ! ಅವರ ಮನೆಯ ಗೇಟಿನವರೆಗೆ ಹೋಗಿ ವಾಪಸ್ ಬಂದದ್ದೂ ಉಂಟು. ಹೇಳಿದರೆ ಅವರು ಬೈಯುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ನನ್ನ ಮಾತನ್ನು ಇನ್ನು ನಂಬುವುದಿಲ್ಲ, ಅಷ್ಟೆ. ಅದೊಂದನ್ನು ಉಳಿಸಿಕೊಳ್ಳಲು ಸುಮ್ಮನಿದ್ದೆ.

ಹೃದಯ ನಿಂತು ಹೋದರು, ಕೂತ ಕುರ್ಚಿಯಲ್ಲೇ. ಅರಕಲಗೂಡಿನ ತಮ್ಮ ಹೊಲದಲ್ಲೇ ಮಣ್ಣು ಮಾಡಿದರು. ಶಿವಗಣಾರಾಧನೆ ಮುಗಿದು ಒಂದು ವಾರವಾದ ಮೇಲೆ ಹಾಸನದ ಮನೆಗೆ ಹೋದೆ. ಅವರ ಹೆಂಡತಿ ಕಾಫಿ ತಂದಿಟ್ಟು ಎದುರಿಗೆ ಕೂತರು. ಮಾತು ಅವರ ಮರೆವಿನ ಕಡೆಗೇ ಬಂತು.

"ಆ ಫೋಟೋ ಗಲಾಟೆ ಆದ್ಮೇಲೆ ಅವ್ರು ಮೊದ್ಲಿನಂಗೆ ಇರ್ಲೇ ಇಲ್ಲ ಕಣ್ರೀ" ಎಂದರು. "ಸುಮ್ನೆ ಹೆದ್ರುಕೊಂಡ್ರು. ಎಲ್ಲಾನೂ ಒಂದು ನೋಟ್ ಬುಕ್ಕಿನಾಗೆ ಬರ್ಕೊಳೋರು. ಹಾಲು ಬಂತು, ಬೀಗ ಹಾಕ್ದೆ, ಮಾತ್ರೆ ನುಂಗ್ದೆ. ಮೈಸೂರಿಗೆ ಕರ್ಕೊಂಡು ಹೋಗಿ ತಲೆ ಸ್ಕ್ಯಾನ್ ಮಾಡ್ಸಿದ್ವಿ. ಡಾಕ್ಟ್ರು ಏನೂ ಇಲ್ಲ, ನನಗಿಂತ ಚೆನ್ನಾಗವ್ರೆ ಅಂದ್ರು. ಇವ್ರು ನಂಬ್ಬೇಕಲ್ಲ? ಮೇಷ್ಟ್ರು ಎದ್ರಿಗೆ ಕೂತು ಹೇಳಿದ್ ಮಾತೇ ತಿರುವು ಮುರುವಾಗಿ ಜ್ಞಾಪಕ ಇಟ್ಕೊಂಡಿದ್ದೆ, ಡಾಕ್ಟ್ರಿಗೇನ್ ಗೊತ್ತು ಅನ್ನೋರು."

ಆಗ ಹೇಳಿದೆ. ತಿಪ್ಪೆಯಿಂದ ಹಿಡಿದು ಖಾಲಿ ಗೋಡೆಯವರೆಗೆ ಒಂದೂ ಬಿಡದೆ ಹೇಳಿದೆ. ಅವರಿಗೆ ಸರಿಯಾಗಿಯೇ ಜ್ಞಾಪಕವಿತ್ತು ಅಮ್ಮ, ಕಂಡಿದ್ದು ಅಂತಲೇ ನಾನು ಹೇಳಿದ್ದು ಎಂದೆ. ಹೇಳುತ್ತ ಹೇಳುತ್ತ ನನ್ನ ಎದೆ ಹಗುರವಾಗುತ್ತಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಬೈಯಲಿ, ಹೊರಗೆ ಹೋಗು ಎನ್ನಲಿ, ಎಲ್ಲದಕ್ಕೂ ತಯಾರಾಗಿ ಬಂದಿದ್ದೆ.

ಅವರು ಬೈಯಲಿಲ್ಲ. ಕೈಯಲ್ಲಿದ್ದ ಲೋಟವನ್ನು ನೆಲಕ್ಕೆ ಇಟ್ಟರು.

"ಅಂಗಾರೆ ಅವ್ರಿಗೆ ಏನೂ ಆಗಿರ್ಲಿಲ್ಲ" ಎಂದರು.

ಇಲ್ಲಮ್ಮ ಎಂದೆ.

"ನಾನೂ ಡಾಕ್ಟ್ರ ಮಾತು ನಂಬ್ಲಿಲ್ಲ ಮೇಷ್ಟ್ರೇ. ಇವ್ರೇ ಮರೆವು ಅಂತಿದ್ರಲ್ಲ, ಇವ್ರ ಮಾತು ನಂಬಿದೆ. ಎಲ್ಡ್ ವರ್ಷ ಒಲೆ ಹಚ್ಚಕ್ಕೆ ಬುಡ್ಲಿಲ್ಲ. ಮನೆ ಬೀಗದ್ ಕೈ ಇಸ್ಕೊಂಡ್ಬುಟ್ಟೆ. ನಮ್ಮಣ್ಣ ಮನೆಗೆ ಬಂದಿದ್ದಾಗ ಆ ಗದ್ದೆ ವಿಷ್ಯ ಬಂತು. ಇವ್ರು ಅಳತೆ ಹೇಳಕ್ಕೆ ಸುರು ಮಾಡಿದ್ರು. ಅವ್ರ ಮಾತು ಬುಡಣ್ಣ, ಅವ್ರಿಗೆ ಜ್ಞಾಪಕ ಇರಲ್ಲ ಅಂದ್ಬುಟ್ಟೆ. ಎಲ್ರ ಮುಂದೆ. ಅವ್ರು ಎದ್ದು ಒಳೀಕ್ಕೆ ಹೋದ್ರು."

ಸೆರಗಿನಿಂದ ಬಾಯಿ ಒತ್ತಿಕೊಂಡರು. ನಾನು ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ನನ್ನ ಕಡೆ ನೋಡದೆಯೇ ಬೇಡ ಎಂದು ಕೈ ಆಡಿಸಿದರು.

"ಮರೆವು ಇತ್ತು ಅಂದ್ಕೊಂಡಿದ್ರೆ, ನಾನು ಮಾಡಿದ್ದು ಅವ್ರ ಒಳ್ಳೇದಕ್ಕೆ ಅಂತನಾದ್ರೂ ಇರ್ತಿತ್ತು" ಎಂದರು. "ಇದನ್ನ ನೀವು ಅವ್ರಿಗೆ ಹೇಳ್ಬೇಕಾಗಿತ್ತು ಮೇಷ್ಟ್ರೇ. ನಂಗೆ ಯಾಕೆ ಹೇಳಿದ್ರಿ?"